ಬಿಳಿ ದಾರಿಯ ಧೂಳು ಯಾರ ಪಾಲಿಗೆ?

ರಸ್ತೆಗೆ ಡಾಂಬರು ಬಿತ್ತೆಂದರೆ ಊರಿಗೆ ಒಳ್ಳೆಯ ಕಾಲ ಬಂತು ಎಂಬ ನಂಬಿಕೆಯಲ್ಲಿ ಬೆಳೆದ ತಲೆಮಾರು ನಮ್ಮದು. ಮಳೆಗಾಲದಲ್ಲಿ ಬಸ್ಸೇ ಬಾರದ, ಬೇಸಿಗೆಯಲ್ಲಿ ಬಸ್ಸಿನ ಬೆನ್ನಿಗೇ ಕೆಂಧೂಳಿನ ಮೋಡವೆದ್ದು ಬರುವ ಊರುಗಳಿಂದ ಹೊರಟು ದಿಲ್ಲಿ, ಮುಂಬಯಿ, ಪುಣೆಗಳಲ್ಲಿ ನೆಲೆ ನಿಂತವರಿಗೆ ಈ ನಂಬಿಕೆ ಅನುಭವದಿಂದಲೇ ಬಂದದ್ದು. ಹೀಗಿರುವಾಗ, ತಮ್ಮ ಸೀಮೆಯ ರಸ್ತೆಗಳಿಗೆ ಡಾಂಬರು ಹಾಕಬೇಡಿರೆಂದು ಕೇಳಿಕೊಂಡ ಜನ ಇಟಲಿಯಲ್ಲಿದ್ದಾರೆಂದು ಓದಿದಾಗ ನಮಗೆ ಮೆಚ್ಚುಗೆಗಿಂತ ಮೊದಲು ಸಂಶಯವೇ ಮೂಡಿತು. ಹೊಟ್ಟೆ ತುಂಬಿದವರ ಹವ್ಯಾಸವಿದು ಎಂದುಕೊಳ್ಳುವುದು ಸುಲಭ. ಆದರೆ ಆ ದಾರಿಗಳ ಚರಿತ್ರೆಯನ್ನು ಕೆದಕುತ್ತ ಹೋದಂತೆ, ರಸ್ತೆಯೆಂಬುದು ಯಾರಿಗಾಗಿ ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಚರ್ಚಿಸಬಯಸುತ್ತೇವೆ.

ಮಾತು ಟಸ್ಕನಿ ಪ್ರಾಂತ್ಯದ್ದು. ಅದರಲ್ಲೂ ಸಿಯೆನಾ ನಗರದ ಸುತ್ತಣ ಗುಡ್ಡಸೀಮೆಯದು. ಅಲ್ಲಿನ ಹಳ್ಳಿದಾರಿಗಳಿಗೆ ‘ಸ್ತ್ರಾದೆ ಬ್ಯಾಂಕೆ’, ಎಂದರೆ ಬಿಳಿ ರಸ್ತೆಗಳು, ಎಂದು ಹೆಸರು. ಸುಣ್ಣಕಲ್ಲಿನ ಸಣ್ಣ ಜಲ್ಲಿಯನ್ನೂ ಅದರ ಪುಡಿಯನ್ನೂ ಹರವಿ ದಮ್ಮಸ್ಸು ಮಾಡಿದ ಈ ದಾರಿಗಳು ಬಿಸಿಲಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತವೆ. ಸಿಯೆನಾದ ಉತ್ತರಕ್ಕಿರುವ ಕಿಯಾಂತಿ ಭಾಗದಲ್ಲಿ ಅವು ದ್ರಾಕ್ಷಿತೋಟ, ಆಲಿವ್ ತೋಪು, ಓಕ್ ಕಾಡುಗಳ ನಡುವೆ ಏರಿಳಿಯುತ್ತವೆ. ಆಗ್ನೇಯದ ಕ್ರೇತೆ ಸೆನೆಸಿಯಲ್ಲಿ ಮರಗಳೇ ವಿರಳವಾದ ಬೂದುಬಣ್ಣದ ಜೇಡಿಗುಡ್ಡಗಳ ನೆತ್ತಿಯ ಮೇಲೆ ಹಗ್ಗ ಎಸೆದಂತೆ ಬಿದ್ದಿರುತ್ತವೆ. ಇನ್ನೂ ದಕ್ಷಿಣಕ್ಕೆ ವಾಲ್ ದೋರ್ಚಾ ಕಣಿವೆ. ಸಾಲು ಸೈಪ್ರೆಸ್ ಮರಗಳ ನಡುವೆ ಸುತ್ತಿ ಸುತ್ತಿ ಗುಡ್ಡವೇರುವ ರಸ್ತೆಯ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡದವರು ಕಡಿಮೆ. 2004ರಲ್ಲಿ ಈ ಕಣಿವೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದಿಲ್ಲಿಯಲ್ಲಿ ನೌಕರಿಯಲ್ಲಿರುವ ನಾವು ಮೂವರು ಕನ್ನಡಿಗರು, ಇಲಾಖೆಯ ಪೂರ್ವಾನುಮತಿ ಪಡೆದು, ಕೂಡಿಟ್ಟ ಗಳಿಕೆ ರಜೆಯನ್ನು ಖರ್ಚು ಮಾಡಿ, ಸೆಪ್ಟೆಂಬರಿನ ಕೊನೆಯಲ್ಲಿ ಐದು ದಿನ ಈ ದಾರಿಗಳಲ್ಲಿ ಸೈಕಲ್ ತುಳಿದೆವು. ಗ್ರಾವೆಲ್ ಬೈಕ್ ಎಂದು ಕರೆಯುವ ಈ ವಾಹನಕ್ಕೆ ಮೋಟಾರಿಲ್ಲ; ಕಾಲಿನ ಬಲವೇ ಇಂಧನ. ರೇಸಿನ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹಿಡಿ, ಆದರೆ ಅದಕ್ಕಿಂತ ಅಗಲವಾದ, ಸುಮಾರು 40 ಮಿಲಿಮೀಟರಿನ ಟೈರು; ಏರಿಗೆ ಹಗುರಾದ ಗೇರು; ಇಳಿಜಾರಿನ ಜಲ್ಲಿಯಲ್ಲಿ ನಂಬಬಹುದಾದ ಡಿಸ್ಕ್ ಬ್ರೇಕು. ಡಾಂಬರಿನಲ್ಲಿಯೂ ಓಡಿ, ಕಲ್ಲುಮಣ್ಣಿನಲ್ಲಿಯೂ ನಿಲ್ಲುವ ಈ ಸೈಕಲ್ಲಿಗೆ ಈಗ ಜಗತ್ತಿನಾದ್ಯಂತ ಬೇಡಿಕೆ. 2022ರಿಂದ ಇದಕ್ಕೆಂದೇ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ. ಮೊದಲನೆಯದು ಇಟಲಿಯ ವೆನೆತೊ ಪ್ರಾಂತ್ಯದಲ್ಲಿಯೇ ನಡೆಯಿತು.

ಈ ಸೀಮೆಗೆ ಹೋಗಬಯಸುವವರಿಗೆ ಋತುವಿನ ಬಗ್ಗೆ ಒಂದು ಮಾತು ಹೇಳಬೇಕು. ಭೂಮಧ್ಯ ಸಮುದ್ರದ ಹವೆಯಲ್ಲಿ ಮಳೆ ಬೀಳುವುದು ಹೆಚ್ಚಾಗಿ ಶರತ್ಕಾಲ, ಚಳಿಗಾಲಗಳಲ್ಲಿ. ಜುಲೈ, ಆಗಸ್ಟುಗಳು ನಮ್ಮ ಏಪ್ರಿಲ್, ಮೇ ತಿಂಗಳುಗಳ ಒಣ ಬೇಸಿಗೆಗೆ ಸಮ. ಕ್ರೇತೆಯ ಬೋಳುಗುಡ್ಡಗಳಲ್ಲಿ ಆಗ ನೆರಳೆಂಬುದು ಹುಡುಕಿದರೂ ಸಿಗದು. ಬಿಳಿಯ ದಾರಿ ಕೆಳಗಿನಿಂದಲೂ ಬಿಸಿಲನ್ನು ಎಸೆಯುತ್ತದೆ. ಮಳೆ ಬಂದರೆ ಕಷ್ಟ ಇನ್ನೊಂದು ಬಗೆಯದು. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಈ ಜೇಡಿಮಣ್ಣು ಒದ್ದೆಯಾದೊಡನೆ ಥೇಟು ನಮ್ಮ ಬಯಲುಸೀಮೆಯ ಎರೆಮಣ್ಣಿನಂತೆ ಚಕ್ರಕ್ಕೆ ಮೆತ್ತಿಕೊಂಡು, ತಿರುಗಗೊಡದೆ ಹಿಡಿದುಬಿಡುತ್ತದೆ. ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಮತ್ತೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಸವಾರಿಗೆ ಹದವಾದ ಕಾಲ. ಗುಡ್ಡಗಳು ಎತ್ತರವಲ್ಲ, ಮೊಂತಾಲ್ಚೀನೊ ಊರು ಇರುವುದು 560 ಮೀಟರಿನ ಆಸುಪಾಸಿನಲ್ಲಿ. ಆದರೆ ಏರು ಮುಗಿಯಿತೆನ್ನುವಷ್ಟರಲ್ಲಿ ಇಳಿಜಾರು, ಇಳಿಜಾರು ಮುಗಿಯುವ ಮೊದಲೇ ಇನ್ನೊಂದು ಏರು. ಸಂಜೆಗೆ ಲೆಕ್ಕ ಹಾಕಿದರೆ ಒಂದು ದೊಡ್ಡ ಘಟ್ಟವನ್ನೇ ಹತ್ತಿದಂತಾಗಿರುತ್ತದೆ.

ಈ ದಾರಿಗಳು ಇಂದಿಗೂ ಬಿಳಿಯಾಗಿಯೇ ಉಳಿದದ್ದಕ್ಕೆ ಒಬ್ಬ ವ್ಯಕ್ತಿಯ ಹಟ ಬಹುಮಟ್ಟಿಗೆ ಕಾರಣ. ಜ್ಯಾಂಕಾರ್ಲೊ ಬ್ರೊಚ್ಚಿ ಎಂಬ ಆ ಸೀಮೆಯವರೊಬ್ಬರು 1997ರಲ್ಲಿ ಗಾಯೊಲೆ ಎಂಬ ಊರಿನಿಂದ ‘ಲೆರೋಯಿಕಾ’ ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಮೊದಲ ವರ್ಷ ಸೇರಿದವರು 92 ಮಂದಿ. ಹಳೆಯ ಕಾಲದ ಉಕ್ಕಿನ ಸೈಕಲ್ಲು, ಉಣ್ಣೆಯ ಅಂಗಿ, ದಾರಿಯಲ್ಲಿ ಹಳ್ಳಿಯ ಬ್ರೆಡ್ಡು, ಸಾರು, ದ್ರಾಕ್ಷಾರಸ. ನೋಡುವವರಿಗೆ ಇದೊಂದು ವೇಷಭೂಷಣದ ಹಬ್ಬ. ಉದ್ದೇಶ ಮಾತ್ರ ಗಂಭೀರವಾದದ್ದು: ಒಂದೊಂದಾಗಿ ಡಾಂಬರಿನಡಿ ಹೂತುಹೋಗುತ್ತಿದ್ದ ಬಿಳಿ ರಸ್ತೆಗಳತ್ತ ಜನರ ಗಮನ ಸೆಳೆಯುವುದು. ಇಂದು ಅಕ್ಟೋಬರಿನಲ್ಲಿ ನಡೆಯುವ ಈ ಯಾತ್ರೆಗೆ ಸಾವಿರಾರು ಜನ ಬರುತ್ತಾರೆ. ಅದರ ಮಾರ್ಗಕ್ಕೆ ವರ್ಷವಿಡೀ ಇರುವ ಕೈಮರಗಳನ್ನು ನೆಟ್ಟಿದ್ದಾರೆ; ಸುಮಾರು 209 ಕಿಲೋಮೀಟರಿನ ಆ ಸುತ್ತಿನಲ್ಲಿ ಸರಿಸುಮಾರು ಅರ್ಧ ಬಿಳಿ ರಸ್ತೆಯೇ. ಬ್ರೋಲಿಯೊ ಕೋಟೆಗೆ ಏರುವ ಸೈಪ್ರೆಸ್ ಸಾಲಿನಿಂದ ಮೊದಲಾಗಿ ಮೊಂತಾಲ್ಚೀನೊ, ಆಷಾನೊಗಳನ್ನು ಬಳಸಿ, ಮೊಂತೆ ಸಾಂತೆ ಮರಿಯೆಯ ಬೋಳುಗುಡ್ಡಗಳನ್ನು ದಾಟಿ ಗಾಯೊಲೆಗೆ ಮರಳುವ ಆ ಮಾರ್ಗವನ್ನು ನಾವು ನಾಲ್ಕು ದಿನಗಳಲ್ಲಿ ಹಂಚಿಕೊಂಡು ತುಳಿದೆವು. ಅಭ್ಯಾಸವಿದ್ದವರು ಒಂದೇ ದಿನದಲ್ಲಿ ಮುಗಿಸುತ್ತಾರೆ.

ಈ ಯಾತ್ರೆಯಿಂದಲೇ 2007ರಲ್ಲಿ ವೃತ್ತಿಪರರ ಸ್ಪರ್ಧೆಯೊಂದು ಹುಟ್ಟಿತು; ಈಗ ಅದರ ಹೆಸರೇ ‘ಸ್ತ್ರಾದೆ ಬ್ಯಾಂಕೆ’. ಮಾರ್ಚ್ ತಿಂಗಳಲ್ಲಿ ನಡೆಯುವ ಅದು ಸಿಯೆನಾದ ಕಾಂಪೊ ಚೌಕದಲ್ಲಿ ಮುಗಿಯುತ್ತದೆ. 2015ರಿಂದ ಮಹಿಳೆಯರ ಸ್ಪರ್ಧೆಯೂ ನಡೆಯುತ್ತಿದೆ. 2010ರ ಇಟಲಿ ಪ್ರವಾಸದ ಸ್ಪರ್ಧೆ ಮಳೆಯಲ್ಲಿ ಈ ರಸ್ತೆಗಳ ಮೂಲಕ ಮೊಂತಾಲ್ಚೀನೊ ತಲುಪಿದಾಗ, ಗೆದ್ದ ಕ್ಯಾಡೆಲ್ ಇವಾನ್ಸ್‌ನ ವಿಶ್ವ ಚಾಂಪಿಯನ್ ಅಂಗಿಯ ಬಣ್ಣ ಗುರುತು ಸಿಗದಷ್ಟು ಕೆಸರಾಗಿತ್ತು. ಆ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಅಲ್ಲಿಂದೀಚೆಗೆ ಬಿಳಿ ರಸ್ತೆಗೆ ಬೆಲೆ ಬಂತು. ಒಂದು ಕಾಲಕ್ಕೆ ಹಿಂದುಳಿದದ್ದರ ಗುರುತಾಗಿದ್ದುದು ಈಗ ಆ ಸೀಮೆಯ ಮುದ್ರೆಯಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. ಆದರೆ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಟಸ್ಕನಿಯ ವಿಷಯದಲ್ಲಿ ಒಂದು ಎಚ್ಚರ ಇರಲೇಬೇಕಾಗುತ್ತದೆ. ಇ. ಎಂ. ಫಾರ್ಸ್ಟರ್ 1905ರಲ್ಲಿ ಪ್ರಕಟಿಸಿದ ತನ್ನ ಮೊದಲ ಕಾದಂಬರಿಗೆ ಆರಿಸಿಕೊಂಡದ್ದು ಮೊಂತೇರ್ಯಾನೊ ಎಂಬ ಕಲ್ಪಿತ ಊರನ್ನು. ಅದಕ್ಕೆ ಮಾದರಿ ಸಿಯೆನಾ ಜಿಲ್ಲೆಯ ಸಾನ್ ಜಿಮಿನ್ಯಾನೊ. ಅಲ್ಲಿಗೆ ಬರುವ ಇಂಗ್ಲಿಷರಿಗೆ ಇಟಲಿ ಒಂದು ಸುಂದರ ಚಿತ್ರಪಟ. ಆ ಚಿತ್ರಪಟದೊಳಗಿನ ಮನುಷ್ಯರಿಗೂ ಸಂಸಾರ, ಮಗು, ದುಃಖಗಳಿವೆ ಎಂಬುದು ಅವರಿಗೆ ತಿಳಿಯುವ ವೇಳೆಗೆ ಕಾಲ ಮೀರಿರುತ್ತದೆ. ಸೈಕಲ್ಲಿನ ಮೇಲೆ ಕುಳಿತ ಪ್ರವಾಸಿಗೂ ಇದೇ ಅಪಾಯವಿದೆ. ಬಿಳಿ ದಾರಿ ಎಷ್ಟು ಚಂದ ಎನ್ನುವ ಮೊದಲು ಅದು ಯಾಕಾಗಿ ಅಲ್ಲಿತ್ತು, ಅದರ ಮೇಲೆ ಯಾರು ನಡೆದರು ಎಂದು ಕೇಳಬೇಕು.

ಉತ್ತರ ಸರಳ. ಈ ದಾರಿಗಳು ಪಾಲುಗಾರ ರೈತರ ದಾರಿಗಳು. ಶತಮಾನಗಳ ಕಾಲ ಟಸ್ಕನಿಯ ಬೇಸಾಯ ನಡೆದದ್ದು ‘ಮೆದ್ಸದ್ರಿಯಾ’ ಎಂಬ ಪದ್ಧತಿಯಲ್ಲಿ. ಭೂಮಿ, ಮನೆ ಒಡೆಯನವು. ದುಡಿಮೆ ಇಡೀ ರೈತ ಕುಟುಂಬದ್ದು. ಬೆಳೆಯಲ್ಲಿ ಅರ್ಧ ಒಡೆಯನಿಗೆ. ನಮ್ಮ ಕಡೆಯ ವಾರ, ಕೋರುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡಕ್ಕೊಂದರಂತೆ ಒಂಟಿಯಾಗಿ ನಿಂತ ಕಲ್ಲಿನ ಮನೆಗಳು ಆ ಪಾಲುಗಾರರವು. ಆ ಮನೆಗಳಿಂದ ಒಡೆಯನ ಕಣಜದವರೆಗೆ ಗೋಧಿ, ಎಣ್ಣೆ, ದ್ರಾಕ್ಷಾರಸ ಸಾಗಿದ್ದು ಇದೇ ಬಿಳಿ ದಾರಿಗಳಲ್ಲಿ, ಎತ್ತಿನ ಗಾಡಿಗಳಲ್ಲಿ. 1950, 60ರ ದಶಕಗಳಲ್ಲಿ ಈ ಕುಟುಂಬಗಳು ಹಿಂಡು ಹಿಂಡಾಗಿ ಊರು ಬಿಟ್ಟು ಕಾರ್ಖಾನೆಯ ಪಟ್ಟಣಗಳಿಗೆ ಹೋದವು. 1964ರ ಕಾಯಿದೆ ಹೊಸ ಪಾಲು ಒಪ್ಪಂದಗಳನ್ನು ನಿಷೇಧಿಸಿತು; 1982ರ ಕಾಯಿದೆ ಉಳಿದವನ್ನು ಗೇಣಿಯಾಗಿ ಮಾರ್ಪಡಿಸಲು ಅವಕಾಶ ಮಾಡಿಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಖಾಲಿಯಾಗಿದ್ದವು. ಡಾಂಬರು ಬೇಕೆಂದು ಕೇಳಲು ಅಲ್ಲಿ ಜನರೇ ಉಳಿದಿರಲಿಲ್ಲ. ಖಾಲಿಯಾದ ಆ ಮನೆಗಳಲ್ಲಿ ಹಲವು ಇಂದು ಈಜುಕೊಳವುಳ್ಳ ಅತಿಥಿಗೃಹಗಳು. ರಸ್ತೆಗಳು ಬಿಳಿಯಾಗಿ ಉಳಿದದ್ದರ ಹಿಂದೆ ಹಟವೂ ಇದೆ, ಪ್ರೀತಿಯೂ ಇದೆ. ಅವುಗಳಿಗೂ ಹಿಂದೆ ಒಂದು ದೊಡ್ಡ ಗುಳೆ ಇದೆ.

ಹೋದವರ ಕಥೆ ಇದಾದರೆ ಉಳಿದವರ ಕಥೆ ಬೇರೆ. ಆಷಾನೊದ ಕಡೆಯ ಒಂದು ಮನೆಯ ಮುಂದೆ ನಾವು ನೀರಿಗೆಂದು ನಿಂತಿದ್ದೆವು. ದಾರಿಯ ಕಡೆಗಿದ್ದ ಕಿಟಕಿಗಳ ಕದಗಳೆಲ್ಲ ಮುಚ್ಚಿದ್ದವು. ಬಟ್ಟೆ ಒಣಹಾಕಿದ್ದು ಹಿತ್ತಿಲಿನ ಕಡೆ. ದಾರಿಬದಿಯ ಆಲಿವ್ ಗಿಡದ ಎಲೆಗಳು ಹಿಟ್ಟಿನ ಗಿರಣಿಯೊಳಗಿನ ವಸ್ತುಗಳಂತೆ ಬೆಳ್ಳಗಾಗಿದ್ದವು. ಸೈಕಲ್ಲು ಎಬ್ಬಿಸುವ ಧೂಳು ಅಲ್ಪ. ಆದರೆ ಸೈಕಲ್ಲಿನವರನ್ನು ಹಿಂಬಾಲಿಸುವ ವ್ಯಾನುಗಳು, ಅತಿಥಿಗೃಹದ ಬಾಡಿಗೆ ಕಾರುಗಳು ಎಬ್ಬಿಸುವುದು ಅಲ್ಪವಲ್ಲ. ನಮಗೆ ಆ ಧೂಳು ಐದು ದಿನದ ಸುಖ, ಊರಿಗೆ ಹೋಗಿ ತೋರಿಸಬಹುದಾದ ಫೋಟೊ. ಆ ಮನೆಯವರಿಗೆ ಅದು ವರ್ಷದ ಒಣ ತಿಂಗಳುಗಳಷ್ಟೂ ಇರುವ ಕಸಗುಡಿಸುವ ಕೆಲಸ. ಬಿಳಿ ರಸ್ತೆಯನ್ನು ಉಳಿಸಿ ಎನ್ನುವ ಯಾವ ವಾದವೂ ಈ ಕಿಟಕಿಗಳ ಮುಂದೆ ನಿಂತು ಮಾತಾಡಬೇಕಾಗುತ್ತದೆ.

ಹಾಗಾದರೆ ಡಾಂಬರೇ ಸರಿಯೇ? ಹಾಗೆಂದು ನಮ್ಮ ಅಭಿಪ್ರಾಯವಲ್ಲ. ಇಲ್ಲಿ ಕಡತಗಳ ಲೋಕದವರಾದ ನಮಗೆ ಒಂದು ಶುಷ್ಕ ಸಂಗತಿ ಬಹಳ ಮುಖ್ಯವೆನಿಸಿತು. ಇಟಲಿಯಲ್ಲಿ ಇಂಥ ದಾರಿಗಳಲ್ಲಿ ಅನೇಕವು ‘ನೆರೆಹೊರೆಯ ರಸ್ತೆ’ ಎಂಬ ವರ್ಗಕ್ಕೆ ಸೇರಿದವು. 1918ರ ಒಂದು ಶಾಸನದ ಪ್ರಕಾರ ಅವುಗಳನ್ನು ಬಳಸುವ ಭೂಮಾಲೀಕರು ಒಕ್ಕೂಟ ಕಟ್ಟಿಕೊಂಡು ದುರಸ್ತಿ ಮಾಡಿಸಬಹುದು; ಸಾರ್ವಜನಿಕರ ಓಡಾಟವಿರುವ ದಾರಿಯಾದರೆ ಸ್ಥಳೀಯ ಆಡಳಿತವು ಖರ್ಚಿನ ಐದನೆಯ ಒಂದು ಭಾಗದಿಂದ ಅರ್ಧದವರೆಗೆ ಭರಿಸಲೇಬೇಕು. ಡಾಂಬರಿಲ್ಲದ ರಸ್ತೆಗೂ ಒಬ್ಬ ವಾರಸುದಾರನಿದ್ದಾನೆ, ಒಂದು ಲೆಕ್ಕಶೀರ್ಷಿಕೆ ಇದೆ ಎಂದು ಇದರ ಅರ್ಥ. ಬಿಳಿ ರಸ್ತೆಯನ್ನು ಸುಮ್ಮನೆ ಬಿಟ್ಟರೆ ಅದು ಬಿಳಿ ರಸ್ತೆಯಾಗಿ ಉಳಿಯುವುದಿಲ್ಲ. ನಡುವೆ ಉಬ್ಬಿಸಿ ಎರಡೂ ಬದಿಗೆ ನೀರು ಜಾರುವಂತೆ ಮಾಡಬೇಕು, ಚರಂಡಿ ತೋಡಬೇಕು, ಮೋರಿ ಶುಚಿ ಮಾಡಬೇಕು, ಮಳೆಗಾಲದ ನಂತರ ಯಂತ್ರದಿಂದ ಕೆತ್ತಿ ಸಮಮಾಡಿ ಹೊಸ ಜಲ್ಲಿ ಹರವಬೇಕು. ಎರಡು ಮಳೆಗಾಲ ಮರೆತರೆ ದಾರಿ ಹಳ್ಳವಾಗುತ್ತದೆ. ಡಾಂಬರಿಲ್ಲದ ರಸ್ತೆ ಬೇರೆ, ದಿಕ್ಕಿಲ್ಲದ ರಸ್ತೆ ಬೇರೆ. ಈ ಎರಡರ ಅಂತರವನ್ನು ನಾವು ಟಸ್ಕನಿಯಿಂದ ಕಲಿಯಬೇಕು.

ರಸ್ತೆಯನ್ನು ಅಳೆಯುವ ಸರಿಯಾದ ಮಾನದಂಡವೊಂದು ಸಿಯೆನಾದ ಪುರಭವನದ ಗೋಡೆಯ ಮೇಲೆಯೇ ಇದೆ. ಆಂಬ್ರೋಜೊ ಲೊರೆಂಜೆತ್ತಿ ಎಂಬ ಕಲಾವಿದ 1338, 39ರಲ್ಲಿ ಅಲ್ಲಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತಗಳ ಪರಿಣಾಮವನ್ನು ಚಿತ್ರಿಸಿದ್ದಾನೆ. ಆಳುವವರು ಸಭೆ ಸೇರುತ್ತಿದ್ದ ಕೋಣೆಯದು. ಅವರ ಕಣ್ಣೆದುರಿಗೆ ಸದಾ ಇರಲೆಂದು ಬರೆಸಿದ ಚಿತ್ರಗಳವು. ಒಳ್ಳೆಯ ಆಡಳಿತದ ಭಾಗದಲ್ಲಿ ಊರಬಾಗಿಲಿನಿಂದ ಒಂದು ದಾರಿ ಹೊಲಗಳ ಕಡೆಗೆ ಇಳಿಯುತ್ತದೆ. ಕುದುರೆಯೇರಿದ ಸಿರಿವಂತರು ಬೇಟೆಗೆ ಹೊರಟಿದ್ದಾರೆ. ಅದೇ ದಾರಿಯಲ್ಲಿ ಎದುರಿನಿಂದ ರೈತನೊಬ್ಬ ಹಂದಿಯನ್ನು ಅಟ್ಟಿಕೊಂಡು, ಇತರರು ಪ್ರಾಣಿಗಳ ಮೇಲೆ ಮೂಟೆ ಹೇರಿಕೊಂಡು ಸಂತೆಗೆ ಬರುತ್ತಿದ್ದಾರೆ. ಮೇಲೆ ನಿರ್ಭಯತೆಯ ದೇವಿ ಹಾರುತ್ತಿದ್ದಾಳೆ. ಎದುರು ಗೋಡೆಯ ಕೆಟ್ಟ ಆಡಳಿತದಲ್ಲಿ ಹೊಲಗಳು ಪಾಳು. ಸುಖಕ್ಕೆ ಹೊರಟವನೂ ಬದುಕಿಗೆ ಹೊರಟವನೂ ಒಂದೇ ದಾರಿಯಲ್ಲಿ, ಒಬ್ಬರಿಗೊಬ್ಬರು ಅಡ್ಡಿಯಾಗದೆ ಹಾಯುವಂತಿರಬೇಕು ಎಂಬುದನ್ನು ಆ ಚಿತ್ರ ಸುಮಾರು ಏಳು ಶತಮಾನಗಳಿಂದ ಹೇಳುತ್ತಿದೆ. ಅದರಲ್ಲಿ ದಾರಿಯ ಮೇಲ್ಮೈ ಯಾವುದೆಂಬುದು ಮುಖ್ಯವಾಗಿಲ್ಲ. ಅದರ ಮೇಲೆ ಯಾರೆಲ್ಲ ನಡೆಯಬಲ್ಲರು ಎಂಬುದು ಮುಖ್ಯವಾಗಿದೆ.

ಈ ಮಾನದಂಡವನ್ನು ಇಂದಿನ ಬಿಳಿ ರಸ್ತೆಗೆ ಹಚ್ಚಿದರೆ ನಮಗೆ ತೋರುವುದು ಇಷ್ಟು. ಟಸ್ಕನಿಯಲ್ಲಿ ಊರಿಂದೂರಿಗೆ ಹೋಗುವ ಮುಖ್ಯ ರಸ್ತೆಗಳಿಗೆ ಡಾಂಬರು ಆಗಿದೆ. ಶಾಲೆ, ಆಸ್ಪತ್ರೆ, ಪೇಟೆಗಳಿಗೆ ಹೋಗಲು ಜನ ಕೆಸರು ತುಳಿಯಬೇಕಾಗಿಲ್ಲ. ಆಮೇಲೆ ಉಳಿದ ಕವಲುದಾರಿಗಳ ವಿಷಯದಲ್ಲಿ, ಇದು ಹೀಗೆಯೇ ಇರಲಿ ಎಂದು ನಿರ್ಧರಿಸುವ ಸ್ವಾತಂತ್ರ್ಯ ಅವರಿಗೆ ದೊರಕಿತು. ಆಯ್ಕೆಯಿದ್ದವನು ಮಣ್ಣಿನ ದಾರಿಯನ್ನು ಆರಿಸಿಕೊಂಡರೆ ಅದು ಸಂಸ್ಕೃತಿ. ಆಯ್ಕೆಯೇ ಇಲ್ಲದವನ ಪಾಲಿಗೆ ಅದೇ ದಾರಿ ಶಿಕ್ಷೆ. ಆದ್ದರಿಂದ ದಾರಿಯ ಗತಿಯನ್ನು ನಿರ್ಧರಿಸುವ ಮೊದಲ ಹಕ್ಕು ಅದರ ಬದಿಯಲ್ಲಿ ವರ್ಷವಿಡೀ ಬಾಳುವವರದು. ಮುಚ್ಚಿದ ಕಿಟಕಿಯ ಆ ಮನೆಯವರು ತಮ್ಮ ಬಾಗಿಲ ಮುಂದಿನ ನೂರು ಗಜಕ್ಕೆ ಡಾಂಬರು ಕೇಳಿದರೆ, ಪರಂಪರೆಯ ಹೆಸರಿನಲ್ಲಿ ಅದನ್ನು ನಿರಾಕರಿಸುವುದು ಅನ್ಯಾಯ. ಸವಾರರು ಮತ್ತು ಅವರಿಂದ ಲಾಭ ಪಡೆಯುವ ಉದ್ಯಮ ದಾರಿಯ ದುರಸ್ತಿಗೆ ತಮ್ಮ ಪಾಲನ್ನು ಕೊಡಬೇಕು. ಹಿಂಬಾಲಿಸುವ ವ್ಯಾನುಗಳು ಡಾಂಬರು ರಸ್ತೆಯಲ್ಲಿಯೇ ಬರಲಿ. ಇಷ್ಟು ಮಾಡಿದರೆ ಸೈಕಲ್ಲಿಗಿಂತ ಸಭ್ಯ ಅತಿಥಿ ಈ ದಾರಿಗಳಿಗೆ ಇನ್ನೊಬ್ಬನಿಲ್ಲ: ಶಬ್ದವಿಲ್ಲ, ಹೊಗೆಯಿಲ್ಲ, ಹಳ್ಳಿಯ ಅಂಗಡಿಯಲ್ಲಿ ನಿಂತು ಬ್ರೆಡ್ಡು, ಹಣ್ಣು ಕೊಳ್ಳುವ ಹಸಿವು ಮಾತ್ರ ಇದೆ.

ಹೊರನಾಡಿನಲ್ಲಿರುವ ನಾವು ಇದನ್ನು ಓದುವಾಗ ಇನ್ನೂ ಒಂದು ಎಚ್ಚರ ಬೇಕು. ಊರು ಬಿಟ್ಟವರಿಗೆ ಊರಿನ ಮಣ್ಣುದಾರಿಯ ನೆನಪು ವರ್ಷ ಕಳೆದಂತೆ ಸಿಹಿಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಹೋದಾಗ ಅಲ್ಲಿ ಕಾಂಕ್ರೀಟು ರಸ್ತೆ ಕಂಡು ‘ಹಳೆಯ ಸೊಗಸು ಹೋಯಿತು’ ಎಂದು ಕೊರಗುವವರು ನಮ್ಮ ಕೂಟಗಳಲ್ಲಿ ಬಹಳ ಮಂದಿ. ಆ ರಸ್ತೆಯಲ್ಲಿ ನಡುರಾತ್ರಿ ಹೆರಿಗೆಗೆ ಹೊರಟ ಹೆಣ್ಣುಮಗಳನ್ನು ಕೇಳಿದರೆ ಸೊಗಸಿನ ಅರ್ಥ ಬೇರೆಯೇ ಇರುತ್ತದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 500ಕ್ಕಿಂತ ಹೆಚ್ಚು ಜನರಿರುವ, ಗುಡ್ಡಗಾಡು, ಬುಡಕಟ್ಟು, ಮರುಭೂಮಿ ಪ್ರದೇಶಗಳಾದರೆ 250ಕ್ಕಿಂತ ಹೆಚ್ಚು ಜನರಿರುವ ಪ್ರತಿಯೊಂದು ನೆಲೆಗೂ ಸರ್ವಋತು ರಸ್ತೆ ಮುಟ್ಟಿಸಲು ಹೊರಟದ್ದು ಸಣ್ಣ ಸಂಗತಿಯಲ್ಲ. ಆ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಸ್ವಾರಸ್ಯದ ಅಂಶವಿದೆ. ಸರ್ವಋತು ರಸ್ತೆಗೆ ಡಾಂಬರು ಇರಲೇಬೇಕೆಂದೇನೂ ಇಲ್ಲ. ನೀರು ಸರಿಯಾಗಿ ಹರಿದುಹೋಗುವ, ವರ್ಷವಿಡೀ ಸಂಚರಿಸಬಹುದಾದ ಜಲ್ಲಿರಸ್ತೆಯೂ ಸರ್ವಋತು ರಸ್ತೆಯೇ ಎಂದು ಅದು ಒಪ್ಪುತ್ತದೆ. ಸಿಯೆನಾದ ಬಿಳಿ ದಾರಿ ಕಾರ್ಯರೂಪದಲ್ಲಿ ತೋರಿಸುವ ಮಾತನ್ನೇ ನಮ್ಮ ಸರಕಾರಿ ಕಡತವೂ ಹೇಳುತ್ತಿದೆ.

ಆ ಮಾತನ್ನು ಪೂರ್ತಿಯಾಗಿ ತೆಗೆದುಕೊಳ್ಳುವ ಧೈರ್ಯ ನಮಗೆ ಬರಬೇಕು. ಊರಿಗೆ ಊರನ್ನು ಕೂಡಿಸುವ ದಾರಿಗೆ ಡಾಂಬರು ಬೀಳಲಿ, ಬೇಗ ಬೀಳಲಿ. ಹೊಲಕ್ಕೆ, ತೋಟಕ್ಕೆ, ಕೆರೆಯ ಏರಿಗೆ, ಕಾಡಂಚಿಗೆ ಹೋಗುವ ಗಾಡಿದಾರಿಗಳನ್ನು ಮಾತ್ರ ಗುತ್ತಿಗೆಯ ಅನುಕೂಲಕ್ಕಾಗಿ ಕಾಂಕ್ರೀಟಿನಿಂದ ಮುಚ್ಚುವ ಮೊದಲು, ಅದನ್ನು ಬಳಸುವವರನ್ನು ಒಂದು ಮಾತು ಕೇಳಲಿ. ಹೀಗೆಯೇ ಇರಲಿ ಎಂದು ಅವರು ಹೇಳಿದರೆ ಆ ದಾರಿಗೂ ಚರಂಡಿ, ಮೋರಿ, ವರ್ಷಕ್ಕೊಮ್ಮೆ ಗರಸು ಹಾಕಲು ಹಣ ದೊರೆಯಲಿ. ಅಂಥ ದಾರಿಯಲ್ಲಿ ಸೈಕಲ್ಲು ತಾನಾಗಿಯೇ ಬರುತ್ತದೆ. ಅದಕ್ಕೆ ಪ್ರತ್ಯೇಕ ಯೋಜನೆ ಬೇಕಾಗಿಲ್ಲ. ಬಾರದೆ ಹೋದರೂ ನಷ್ಟವಿಲ್ಲ. ಹುಲ್ಲಿನ ಹೊರೆ ಹೊತ್ತು ಸಂಜೆ ಮನೆಗೆ ಮರಳುವವರ ಕಾಲು ಕೆಸರಿನಲ್ಲಿ ಹೂಳದಿದ್ದರೆ ಆ ದಾರಿ ತನ್ನ ಕೆಲಸ ಮಾಡಿದಂತೆಯೇ.